ಮೀಟರ್ ಹಚ್ಚಿದರೆ ಆರದ ದೀಪ

ಕೇಳಿ, ಇದು ಪ್ರತಿ ಪೇಟೆಯಲ್ಲೂ ಒಂದೆರಡು ಕತ್ತಲೆ ಕೋಣೆಗಳಿದ್ದ ಕಾಲದ ಮಾತು. 1980ರ ದಶಕದ ಕೊನೆ. ಆಗ ಫೋಟೋ ಅಂದರೆ ಸ್ಟುಡಿಯೋ, ಸ್ಟುಡಿಯೋ ಅಂದರೆ ಅದರ ಹಿಂಬದಿಗೆ ಒಂದು ಡಾರ್ಕ್‌ರೂಮ್. ಸಾಗರದ ಪೇಟೆಯಲ್ಲಿ ನಮ್ಮ ಅಪ್ಪನ ಸ್ನೇಹಿತರೊಬ್ಬರದ್ದು ಅಂಥದೊಂದು ಸ್ಟುಡಿಯೋ ಇತ್ತು. ರಕ್ತಸಂಬಂಧ ಏನೂ ಇಲ್ಲ, ಆದರೂ ನಾನು ಅವರನ್ನು ಮಾವ ಅಂತಲೇ ಕರೆಯುತ್ತಿದ್ದೆ. ಪೇಟೆಗೆ ಹೋದಾಗಲೆಲ್ಲ ಅಲ್ಲೊಂದು ಸುತ್ತು ಹಾಕದೆ ಬರುತ್ತಿರಲಿಲ್ಲ.

ಆ ಕೋಣೆಯಲ್ಲಿ ಒಂದು ಕೆಂಪು ಬಲ್ಬು ಬಿಟ್ಟರೆ ಬೇರೆ ಬೆಳಕಿಲ್ಲ. ಮೇಜಿನ ಮೇಲೆ ಸಾಲಾಗಿ ಮೂರು ಟ್ರೇ. ಮೊದಲನೆಯದರಲ್ಲಿ ಡೆವಲಪರ್, ನಡುವಿನದರಲ್ಲಿ ನೀರು, ಕೊನೆಯದರಲ್ಲಿ ಹೈಪೋ. ಮೂಲೆಯಲ್ಲಿ ಎನ್‌ಲಾರ್ಜರ್ ನಿಂತಿರುತ್ತಿತ್ತು. ಮೇಲಿನ ಬಲ್ಬಿನ ಬೆಳಕು ನೆಗೆಟಿವ್ ದಾಟಿ, ಲೆನ್ಸ್ ದಾಟಿ, ಕೆಳಗಿಟ್ಟ ಪೇಪರಿನ ಮೇಲೆ ಬೀಳುತ್ತದೆ. ಪೇಪರು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ಬೆಳಕು ಬಿದ್ದ ಪೇಪರಿನಲ್ಲಿ ಆಗ ಏನೂ ಕಾಣುವುದಿಲ್ಲ. ಡೆವಲಪರಿಗೆ ಹಾಕಿ ಟ್ರೇ ಅಲುಗಾಡಿಸಿದರೆ ಮೊದಲು ಕೂದಲು, ಆಮೇಲೆ ಕಣ್ಣು, ಆಮೇಲೆ ಮುಖ ಮೂಡುತ್ತದೆ. ಬಲ್ಬು ಎಷ್ಟು ಸೆಕೆಂಡು ಉರಿಯಿತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕಡಿಮೆಯಾದರೆ ಮುಖ ಬಿಳಿಚಿಕೊಳ್ಳುತ್ತದೆ, ಹೆಚ್ಚಾದರೆ ಮದುಮಗಳ ಮುಖಕ್ಕೆ ಮಸಿ ಬಳಿದಂತಾಗುತ್ತದೆ.

ಆ ಸೆಕೆಂಡುಗಳನ್ನು ಮಾವ ಬಾಯಲ್ಲಿ ಎಣಿಸುತ್ತಿದ್ದರು. ಒಂದು, ಎರಡು ಅಂತಲ್ಲ. ಮಗ್ಗಿ ಹೇಳುತ್ತಿದ್ದರು. ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು... ಒಂದೊಂದು ಸಾಲಿಗೆ ಒಂದೊಂದು ಸೆಕೆಂಡಿನ ಲೆಕ್ಕ. ಕೆಂಪು ಮಬ್ಬಿನಲ್ಲಿ ಅವರ ದನಿ ಒಂದೇ ಹದದಲ್ಲಿ ನಡೆಯುತ್ತಿತ್ತು, ಸ್ವಿಚ್ಚು ಟಕ್ ಎನ್ನುತ್ತಿತ್ತು, ಪೇಪರು ಟ್ರೇಗೆ ಜಾರುತ್ತಿತ್ತು. ತೊಂದರೆ ಬರುತ್ತಿದ್ದದ್ದು ಮದುವೆಯ ಕಾಲದಲ್ಲಿ. ಒಂದೇ ಗ್ರೂಪ್ ಫೋಟೋವನ್ನು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಮನೆಗೊಂದರಂತೆ ಕೇಳುವವರು. ಪ್ರತಿಯೊಂದೂ ಒಂದೇ ಥರ ಬರಬೇಕು. ನಡುವೆ ಯಾರೋ ಹೊರಗಿನಿಂದ “ಮಾರಾಯ್ರೆ, ನಮ್ಮ ಪಾಸ್‌ಪೋರ್ಟ್ ಫೋಟೋ ಆಯ್ತಾ?” ಎಂದು ಕೂಗಿದರೆ ಮಗ್ಗಿ ಅಲ್ಲಿಗೇ ಮುರಿಯಿತು, ಒಂದು ಪೇಪರು ಹಾಳು.

ಎನ್‌ಲಾರ್ಜರಿಗೆಂದೇ ಮಾಡಿದ ಟೈಮರ್ ಆಗ ಸಿಗುತ್ತಿತ್ತು. ಬೆಲೆ ಮಾವನ ಕೈಗೆ ಎಟಕುವಂಥದ್ದಲ್ಲ. ನಾನು ಪಿಯುಸಿ ಓದುತ್ತಿದ್ದೆ. ರಜೆಯಲ್ಲಿ ಬೆಂಗಳೂರಿಗೆ ಹೊರಟಾಗ ಮಾವ ಕೈಗೆ ದುಡ್ಡು ಕೊಟ್ಟು, “ಅಪ್ಪಿ, ಅಲ್ಲಿ ಎಸ್‌ಪಿ ರೋಡಲ್ಲಿ ಎಂಥದೋ ಕಿಟ್ಟು ಸಿಗ್ತದಂತಲ್ಲ, ನೋಡು” ಎಂದರು.

ಎಸ್‌ಪಿ ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಟೌನ್‌ಹಾಲ್ ಹತ್ತಿರದ ಆ ಇಕ್ಕಟ್ಟು ಬೀದಿಯಲ್ಲಿ ಹಳೇ ಮೋಟರಿನಿಂದ ಹಿಡಿದು ಸಾಸಿವೆಯಷ್ಟು ಡಯೋಡಿನವರೆಗೆ ಸಿಗದ ವಸ್ತುವಿಲ್ಲ. ಅಂಗಡಿಯವನು ಒಂದು ಪ್ಲಾಸ್ಟಿಕ್ ಕೊಟ್ಟೆ ತೆಗೆದು ಕೊಟ್ಟ. ಒಳಗೆ ಅಂಗೈಯಗಲದ ಪಿಸಿಬಿ, ಎಂಟು ಕಾಲಿನ ಒಂದು ಕಪ್ಪು ಐಸಿ, ಕೆಲವು ರೆಸಿಸ್ಟರು, ಎರಡು ಮೂರು ಕೆಪ್ಯಾಸಿಟರು, ಡಯೋಡು, ಎಲ್‌ಇಡಿ, ಒಂದು ರಿಲೇ, ಸಮಯ ಹೆಚ್ಚುಕಡಿಮೆ ಮಾಡಲು ತಿರುಗಿಸುವ ಒಂದು ಪಾಟ್. ಜೊತೆಗೆ ಮಡಚಿಟ್ಟ ಒಂದು ಹಾಳೆ. ಅದರಲ್ಲಿ ಇಂಗ್ಲಿಷಿನಲ್ಲಿ ಯಾವುದನ್ನು ಎಲ್ಲಿ ಕೂಡಿಸಬೇಕು ಎನ್ನುವುದಿತ್ತು, ಕೊನೆಗೆ ಒಂದು ಸೂತ್ರವಿತ್ತು: ಸಮಯ ಅಂದರೆ 1.1 ಗುಣಿಸು ರೆಸಿಸ್ಟರ್ ಗುಣಿಸು ಕೆಪ್ಯಾಸಿಟರ್. ಯಾಕೆ 1.1, ಅದನ್ನು ಬರೆದಿರಲಿಲ್ಲ. ಐಸಿಯ ಬೆನ್ನ ಮೇಲೆ 555 ಎಂದಿತ್ತು.

ಊರಿಗೆ ಬಂದವನು ಸೀದಾ ಹೋದದ್ದು ರೇಡಿಯೋ ಮೇಷ್ಟ್ರ ಅಂಗಡಿಗೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿದ್ದು, ಜಬಲ್ಪುರದಲ್ಲಿ ತರಬೇತಿ ಪಡೆದು, ನಿವೃತ್ತರಾದ ಮೇಲೆ ಊರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಬಂದವರಿಗೆಲ್ಲ ಏನಾದರೊಂದು ವಿವರಿಸದೆ ರೇಡಿಯೋ ವಾಪಸ್ ಕೊಡುತ್ತಿರಲಿಲ್ಲ, ಅದಕ್ಕೇ ಮೇಷ್ಟ್ರು.

ಬೆಸುಗೆ ಹಾಕುವುದನ್ನು ಅವರ ಮುಂದೆ ಕೂತು ಕಲಿತೆ. ಐರನ್ನಿನ ತುದಿಯನ್ನು ಸೀಸಕ್ಕಲ್ಲ, ಕೂಡುವ ಜಾಗಕ್ಕೆ ಮುಟ್ಟಿಸಬೇಕು. ಜಾಗ ಕಾದ ಮೇಲೆ ಸೀಸ ತಾನಾಗಿ ಹರಿಯುತ್ತದೆ. ಹರಿದು ಹೊಳೆದರೆ ಬೆಸುಗೆ ಕೂತಿತು ಎಂದರ್ಥ. ಉಂಡೆಯಾಗಿ ಮಬ್ಬಾಗಿ ನಿಂತರೆ ಒಳಗೆ ಹಿಡಿದಿಲ್ಲ. ರೆಸಿಸ್ಟರಿನ ಬಣ್ಣದ ಪಟ್ಟೆಗಳನ್ನು ಓದಿಸಿದರು: ಕಂದು, ಕಪ್ಪು, ಕಿತ್ತಳೆ ಅಂದರೆ 10,000 ಓಮ್. ಅದೇ ಕೊನೆಯ ಪಟ್ಟೆ ಹಳದಿಯಾದರೆ ಒಂದು ಲಕ್ಷ. ಕೆಪ್ಯಾಸಿಟರಿನ ಮೈನಸ್ ಕಾಲು ಯಾವುದು, ಐಸಿಯ ತಲೆಯ ಮೇಲಿನ ಕಚ್ಚು ಯಾವ ಕಡೆ ಇರಬೇಕು, ರಿಲೇಯ ಸುರುಳಿಗೆ ಅಡ್ಡಲಾಗಿ ಡಯೋಡನ್ನು ಯಾಕೆ ತಿರುಗುಮುರುಗಾಗಿ ಹಾಕುತ್ತಾರೆ, ಎಲ್ಲ ಹೇಳಿದರು. ರಿಲೇಗೆ ಹೋಗುವ ಕರೆಂಟು ನಿಂತ ಕ್ಷಣ ಸುರುಳಿಯಲ್ಲಿ ಎದುರು ದಿಕ್ಕಿನ ದೊಡ್ಡ ವೋಲ್ಟೇಜ್ ಏಳುತ್ತದೆ. ಡಯೋಡ್ ಅದಕ್ಕೆ ದಾರಿ ಕೊಟ್ಟು ಐಸಿಯನ್ನು ಉಳಿಸುತ್ತದೆ.

ಟಾರ್ಚಿಗೆ ಹಾಕುವ 8 ಸೆಲ್ ಸಾಲಾಗಿ ಜೋಡಿಸಿ 12 ವೋಲ್ಟ್ ಕೊಟ್ಟೆವು. ಗುಂಡಿ ಒತ್ತಿದೆ. ಎಲ್‌ಇಡಿ ಹತ್ತಿತು, ರಿಲೇ ಟಿಕ್ ಎಂದಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಕ್, ದೀಪ ಆರಿತು. ನನಗೆ ಆಕಾಶ ಮೂರೇ ಗೇಣು. ಕಿಟ್ಟನ್ನು ಎತ್ತಿಕೊಂಡು ಸ್ಟುಡಿಯೋಗೆ ಓಡುವುದರಲ್ಲಿದ್ದೆ.

“ಕೂತ್ಕೋ ಮರಿ,” ಎಂದರು ಮೇಷ್ಟ್ರು. “ದೀಪ ಹತ್ತಿದ್ದು ನೀನು ಗುಂಡಿ ಒತ್ತಿದ್ದಕ್ಕೆ. ಸರಿ. ಆರಿದ್ದು ಯಾಕೆ? ಆರಿಸಿದವರು ಯಾರು?”

ನನ್ನಲ್ಲಿ ಉತ್ತರ ಇರಲಿಲ್ಲ. ಹಾಳೆಯಲ್ಲೂ ಇರಲಿಲ್ಲ. ಮೇಷ್ಟ್ರು ಕಿಟ್ಟನ್ನು ತಮ್ಮ ಮೇಜಿನ ಖಾನೆಯಲ್ಲಿಟ್ಟರು. “ನಾಳೆ ಬಾ. ಉತ್ತರ ಸಿಕ್ಕ ಮೇಲೆ ತಗೊಂಡು ಹೋಗು.”

ಮರುದಿನದಿಂದ ನಡೆದದ್ದೇ ನಾನು ನಿಮಗೆ ಹೇಳಬೇಕೆಂದುಕೊಂಡ ಕಥೆ.

ಮೇಷ್ಟ್ರು ಶುರು ಮಾಡಿದ್ದು ಬಚ್ಚಲುಮನೆಯ ಹಂಡೆಯಿಂದ. ಒಂದು ತೊಟ್ಟಿ, ಅದರ ಪಕ್ಕದಲ್ಲಿ ಹಂಡೆ, ಎರಡರ ತಳಕ್ಕೂ ಸೇರಿಸಿ ಒಂದು ಸಣ್ಣ ಕೊಳವೆ ಇದೆ ಎಂದುಕೊ. ತೊಟ್ಟಿಯ ನೀರಿನ ಮಟ್ಟ ಅಂದರೆ ನಮ್ಮ ಬ್ಯಾಟರಿಯ ವೋಲ್ಟೇಜು. ಕೊಳವೆ ಎಷ್ಟು ಸಪೂರವೋ ಅದು ರೆಸಿಸ್ಟರು. ಹಂಡೆ ಅಂದರೆ ಕೆಪ್ಯಾಸಿಟರು. ಸುಮ್ಮನಿದ್ದಾಗ ಹಂಡೆಯ ತೂಬು ತೆರೆದೇ ಇರುತ್ತದೆ, ಬಂದ ನೀರು ಬಂದ ಹಾಗೇ ಹರಿದು ಹೋಗುತ್ತದೆ. 555ರ 7ನೇ ಕಾಲಿಗೆ ಒಳಗಿನಿಂದ ಜೋಡಿಸಿದ ಟ್ರಾನ್ಸಿಸ್ಟರೇ ಆ ತೂಬು. ನೀನು ಗುಂಡಿ ಒತ್ತಿದೆ ಅಂದರೆ 2ನೇ ಕಾಲನ್ನು ನೆಲಕ್ಕೆ ಮುಟ್ಟಿಸಿದೆ. ತಕ್ಷಣ ಎರಡು ಕೆಲಸ ಒಟ್ಟಿಗೆ ಆಗುತ್ತವೆ. 3ನೇ ಕಾಲಿನಿಂದ ದೀಪಕ್ಕೆ ಕರೆಂಟು ಹೋಗುತ್ತದೆ, ಹಂಡೆಯ ತೂಬು ಮುಚ್ಚುತ್ತದೆ. ಹಂಡೆ ತುಂಬತೊಡಗುತ್ತದೆ. ತೊಟ್ಟಿಯ ಮಟ್ಟದ ಮೂರರಲ್ಲಿ ಎರಡು ಪಾಲಿಗೆ ಹಂಡೆಯ ನೀರು ಬಂದಾಗ 6ನೇ ಕಾಲಿಗೆ ಅದು ಗೊತ್ತಾಗುತ್ತದೆ. ಆಗ ದೀಪ ಆರುತ್ತದೆ, ತೂಬು ತೆರೆದು ಹಂಡೆ ಬರಿದಾಗುತ್ತದೆ, ಮತ್ತೆ ಗುಂಡಿ ಒತ್ತುವ ತನಕ ಹಾಗೇ.

“ಆರಿಸಿದವರು ಯಾರು ಅಂತ ಈಗ ಹೇಳು.”

“ಕೆಪ್ಯಾಸಿಟರು 8 ವೋಲ್ಟಿಗೆ ಬಂದದ್ದು,” ಎಂದೆ. 12ರಲ್ಲಿ ಮೂರರಲ್ಲೆರಡು ಪಾಲು 8.

“ನಾನು ಹೇಳಿದ್ದನ್ನ ನೀನು ಹೇಳಿದೆ. ನಿಂಗೆ ಕಂಡಿದ್ಯಾ?”

ಮೀಟರ್ ಕೈಗೆ ಕೊಟ್ಟರು. ಮುಳ್ಳಿನ ಮೀಟರು, ದಪ್ಪ ಕಪ್ಪು ಪೆಟ್ಟಿಗೆ, ಸೈನ್ಯದಿಂದ ಬಂದ ಮೇಲೆ ಅವರು ಮೊದಲು ಕೊಂಡ ವಸ್ತು ಅದೇ ಅಂತೆ. ಪಾಟ್ ತೆಗೆದು ಅದರ ಜಾಗದಲ್ಲಿ ಕಂದು, ಕಪ್ಪು, ಹಳದಿ ಪಟ್ಟೆಯ ರೆಸಿಸ್ಟರ್ ಒಂದನ್ನೇ ಹಾಕಿದರು. ಅಂದರೆ ಒಂದು ಲಕ್ಷ ಓಮ್. ಕೆಪ್ಯಾಸಿಟರಿನ ಮೇಲೆ 100 ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ಸೂತ್ರದ ಪ್ರಕಾರ 11 ಸೆಕೆಂಡಿಗೆ ಆರಬೇಕು. ಮೇಷ್ಟ್ರ ಎಚ್‌ಎಂಟಿ ವಾಚಿನಲ್ಲಿ ನೋಡಿದರೆ ಆರಿದ್ದು 14ಕ್ಕೆ. ಅದಿರಲಿ, ಆಮೇಲೆ ನೋಡೋಣ ಎಂದು ಮೇಷ್ಟ್ರು ಮೀಟರನ್ನು 10 ವೋಲ್ಟಿನ ಮನೆಗೆ ತಿರುಗಿಸಿದರು. ನಾನು ಎರಡು ಕಡ್ಡಿಗಳನ್ನು ಕೆಪ್ಯಾಸಿಟರಿನ ಎರಡು ಕಾಲಿಗೆ ಹಿಡಿದು ಗುಂಡಿ ಒತ್ತಿದೆ.

ಮುಳ್ಳು ಮೇಲೇರತೊಡಗಿತು. ಮೂರು, ನಾಕು, ಐದು. ಹೋಗ್ತಾ ಹೋಗ್ತಾ ನಿಧಾನವಾಯಿತು. ಆರು. ಏಳು. 14 ಸೆಕೆಂಡು ದಾಟಿತು, ದೀಪ ಆರಲಿಲ್ಲ. ಅರ್ಧ ನಿಮಿಷ. ಮುಳ್ಳು 8ರ ಹೊಸ್ತಿಲ ತನಕ ಬಂದು ಅಲ್ಲೇ ನಿಂತಿತು, ಒಳಗೆ ಕಾಲಿಡಲಿಲ್ಲ. ಎಷ್ಟು ಹೊತ್ತಾದರೂ ದೀಪ ಉರಿಯುತ್ತಲೇ ಇತ್ತು. ಕಡ್ಡಿ ತೆಗೆದೆ. ಸ್ವಲ್ಪದರಲ್ಲೇ ಟಿಕ್, ದೀಪ ಆರಿತು. ಮತ್ತೆ ಕಡ್ಡಿ ಹಿಡಿದು ಒತ್ತಿದೆ. ಮತ್ತೆ ಅದೇ, ಆರುವುದಿಲ್ಲ.

ಮೇಷ್ಟ್ರ ಮುಖ ಅರಳಿತ್ತು. ಅವರಿಗೆ ಇದು ಮೊದಲೇ ಗೊತ್ತಿತ್ತು. ಆ ರೆಸಿಸ್ಟರನ್ನೇ, ಮೀಟರಿನ ಆ ಮನೆಯನ್ನೇ ಆರಿಸಿದ್ದು ಅದಕ್ಕಾಗಿಯೇ.

ಮೀಟರಿನ ಮುಖದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ವೋಲ್ಟಿಗೆ 20,000 ಓಮ್ ಎಂದಿರುವುದನ್ನು ತೋರಿಸಿದರು. ಅಂದರೆ 10 ವೋಲ್ಟಿನ ಮನೆಯಲ್ಲಿ ಮೀಟರು ತಾನೇ ಎರಡು ಲಕ್ಷ ಓಮಿನ ಒಂದು ರೆಸಿಸ್ಟರು. ಅದನ್ನು ಕೆಪ್ಯಾಸಿಟರಿಗೆ ಹಚ್ಚಿದಾಗ ನಾನು ಹಂಡೆಗೆ ಒಂದು ಸಣ್ಣ ತೂತು ಕೊರೆದ ಹಾಗಾಯಿತು. ಮೇಲಿಂದ ಒಂದು ಲಕ್ಷ ಓಮಿನ ದಾರಿಯಲ್ಲಿ ಬರುತ್ತದೆ, ಕೆಳಗೆ ಎರಡು ಲಕ್ಷ ಓಮಿನ ದಾರಿಯಲ್ಲಿ ಸೋರುತ್ತದೆ. 12 ವೋಲ್ಟಿನಲ್ಲಿ ಒಂದು ಪಾಲು ಮೇಲಿನದಕ್ಕೆ, ಎರಡು ಪಾಲು ಕೆಳಗಿನದಕ್ಕೆ. ಹಾಗಾಗಿ ಕೆಪ್ಯಾಸಿಟರು ಯಾವ ಕಾಲಕ್ಕೂ 8 ದಾಟಲಾರದು. ಐಸಿ ಕಾಯುವುದೂ 8ಕ್ಕೇ.

ಕಂಡಿದ್ದಾ ಎಂದು ಕೇಳಿದ್ದರಲ್ಲ, ಆಗ ಕಂಡಿತು. ದೀಪ ಆರುವುದಕ್ಕೆ ಯಾವುದು ಕಾರಣವೋ ಅದನ್ನು ತಡೆದು ಹಿಡಿದರೆ ದೀಪ ಆರುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನೋಡಲು ಹೋದ ಮೀಟರೇ ನೋಡುತ್ತಿದ್ದ ವಸ್ತುವನ್ನು ಬದಲಿಸಿತು ಎನ್ನುವುದು ಇನ್ನೊಂದು ಪಾಠ. ಮುಂದೆ ಕಾಲೇಜಿನ ಲ್ಯಾಬುಗಳಲ್ಲಿ ಎಷ್ಟೋ ಸಲ ಅದು ನನ್ನನ್ನು ಕಾಪಾಡಿದೆ.

ಹಾಗಾದರೆ ಹಂಡೆ ತುಂಬುವ ಬಗೆಯನ್ನು ಅಳೆಯುವುದು ಹೇಗೆ? ಅದಕ್ಕೂ ಮೇಷ್ಟ್ರಲ್ಲಿ ದಾರಿಯಿತ್ತು. ಐಸಿಯನ್ನು ಬದಿಗಿಟ್ಟು, ಅದೇ ರೆಸಿಸ್ಟರು ಅದೇ ಕೆಪ್ಯಾಸಿಟರು ಮಾತ್ರ ಇಟ್ಟುಕೊಂಡೆವು. ಕೆಪ್ಯಾಸಿಟರನ್ನು ಪೂರ್ತಿ ಬರಿದು ಮಾಡಿ, 5 ಸೆಕೆಂಡು ತುಂಬಿಸಿ, ಬ್ಯಾಟರಿಯ ತಂತಿ ಬಿಡಿಸಿ, ಮೀಟರನ್ನು ಒಂದು ಚಣ ಮುಟ್ಟಿಸಿ ಮುಳ್ಳು ಏರಿ ನಿಂತ ಜಾಗ ಓದುವುದು. ಮತ್ತೆ ಬರಿದು ಮಾಡಿ 10 ಸೆಕೆಂಡು. ಮತ್ತೆ 15. ಮತ್ತೆ 20. ಮೇಷ್ಟ್ರು ವಾಚು ನೋಡಿ “ಹೂಂ” ಎನ್ನುವುದು, ನಾನು ತಂತಿ ಬಿಡಿಸಿ ಓದುವುದು, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುವುದು. ಗಿರಾಕಿಗಳು ಬಂದು ನಿಂತು ನೋಡುತ್ತಿದ್ದರು. ಒಬ್ಬರು ಅಡಿಕೆ ಮಂಡಿಯಿಂದ ಬಂದವರು ತಾವೇ ವಾಚು ಹಿಡಿದು ಕೂತರು.

ಮೊದಲ 5 ಸೆಕೆಂಡಿನಲ್ಲಿ ಕೆಪ್ಯಾಸಿಟರು ಹೆಚ್ಚುಕಡಿಮೆ 4 ವೋಲ್ಟ್ ಏರಿತು. 10ಕ್ಕೆ ಆರೂವರೆ. 15ರಿಂದ 20ರ ನಡುವೆ ಮಾತ್ರ ಬರೀ 1 ವೋಲ್ಟ್ ಚಿಲ್ಲರೆ. ಚುಕ್ಕೆಗಳನ್ನು ಕೂಡಿಸಿದರೆ ಗೆರೆ ಮೊದಲು ಕಡಿದಾಗಿ ಎದ್ದು ಹೋಗ್ತಾ ಹೋಗ್ತಾ ಬಾಗಿ ಮಲಗುತ್ತಿತ್ತು. ಹಂಡೆ ತುಂಬಿದಷ್ಟೂ ತೊಟ್ಟಿಗೂ ಅದಕ್ಕೂ ಮಟ್ಟದ ಅಂತರ ಕಡಿಮೆ, ಅಂತರ ಕಡಿಮೆಯಾದಷ್ಟೂ ಹರಿವು ಕಡಿಮೆ. ಪಿಯುಸಿ ಗಣಿತದಲ್ಲಿ ಲಾಗರಿದಮ್ ಓದಿದ್ದೆ. ಅದು ಪರೀಕ್ಷೆಗೆ ಬೇಕಾದ ಟೇಬಲ್ಲು ಮಾತ್ರ ಆಗಿತ್ತು. ಮೇಷ್ಟ್ರು ಕೇಳಿದರು: ಮೂರರಲ್ಲೆರಡು ಪಾಲು ತುಂಬಿದೆ ಅಂದರೆ ತುಂಬಬೇಕಾದ್ದು ಎಷ್ಟು ಉಳಿಯಿತು? ಮೂರರಲ್ಲಿ ಒಂದು ಪಾಲು. ಅಂತರ ಮೂರರಲ್ಲಿ ಒಂದಾಗುವ ತನಕ ಹಿಡಿಯುವ ಸಮಯ ಅಂದರೆ 3ರ ಸ್ವಾಭಾವಿಕ ಲಾಗರಿದಮ್ಮು ಗುಣಿಸು ರೆಸಿಸ್ಟರ್ ಗುಣಿಸು ಕೆಪ್ಯಾಸಿಟರ್. ಆ ಲಾಗರಿದಮ್ಮು ಎಷ್ಟೆಂದು ಟೇಬಲ್ ನೋಡಿದರೆ 1.0986. ಹಾಳೆಯವರು ಅದನ್ನೇ 1.1 ಎಂದು ಬರೆದಿದ್ದರು. ಆ ಅಂಕೆ ಎಲ್ಲಿಂದ ಬಂತು ಎಂದು ಗೊತ್ತಾದ ಗಳಿಗೆ ನನಗೆ ಇವತ್ತಿಗೂ ನೆನಪಿದೆ. ಐಸಿಯೊಳಗೆ ಮೂರು ಸಮ ರೆಸಿಸ್ಟರುಗಳು ಸಾಲಾಗಿ ಕೂತು ವೋಲ್ಟೇಜನ್ನು ಮೂರು ಪಾಲು ಮಾಡುತ್ತವೆ. ಆ 3, ಲಾಗರಿದಮ್ ಟೇಬಲಿನ ಆ 3, ಎರಡೂ ಒಂದೇ.

11 ಸೆಕೆಂಡಿನ ಬದಲು 14 ಬಂದದ್ದರ ಕಾರಣವೂ ಗ್ರಾಫಿನಲ್ಲೇ ಇತ್ತು. ಸೂತ್ರ ಸರಿ, ರೆಸಿಸ್ಟರ್ ಸರಿ. ಕೆಪ್ಯಾಸಿಟರಿನ ಮೇಲೆ 100 ಎಂದಿದ್ದರೂ ಒಳಗಿದ್ದದ್ದು 125ಕ್ಕೂ ಮೇಲೆ. ಆ ಕಾಲದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳಲ್ಲಿ ಬರೆದದ್ದಕ್ಕಿಂತ ಶೇ. 20 ಕಡಿಮೆ, ಶೇ. 50ರ ತನಕ ಹೆಚ್ಚು ಇರುವುದು ಮಾಮೂಲು. “ಅದಕ್ಕೇ ಟೈಮರಿನ ಡಯಲ್ಲಿಗೆ ಲೆಕ್ಕ ಹಾಕಿ ಗೆರೆ ಎಳೀಬೇಡ. ಗಡಿಯಾರ ನೋಡಿ ಎಳಿ,” ಎಂದರು ಮೇಷ್ಟ್ರು.

ಇನ್ನೊಂದು ಪ್ರಯೋಗ ಉಳಿದಿತ್ತು, ನನ್ನ ಪ್ರಕಾರ ಎಲ್ಲಕ್ಕಿಂತ ಚಂದದ್ದು. ಮೇಷ್ಟ್ರು 8 ಸೆಲ್ಲಿನಲ್ಲಿ 4 ತೆಗೆದು 6 ವೋಲ್ಟ್ ಮಾಡಿದರು. “ಈಗ ಎಷ್ಟು ಸೆಕೆಂಡು?”

ಬ್ಯಾಟರಿ ಅರ್ಧ ಆಯಿತು, ಕರೆಂಟು ನಿಧಾನ ಹರಿಯುತ್ತದೆ, ಸಮಯ ಎರಡು ಪಟ್ಟು ಎಂದು ಅಲ್ಲಿ ನಿಂತಿದ್ದ ಎಲ್ಲರೂ ಹೇಳಿದರು. ಗುಂಡಿ ಒತ್ತಿದೆವು. ಎಲ್‌ಇಡಿ ಮಂಕಾಗಿ ಹತ್ತಿತು. 14 ಸೆಕೆಂಡಿಗೆ ಆರಿತು.

ಯಾಕೆಂದರೆ ತೊಟ್ಟಿಯ ಮಟ್ಟ ಇಳಿದರೆ ಹಂಡೆಯ ಮೇಲಿನ ಗೆರೆಯೂ ಅದರ ಜೊತೆಗೇ ಇಳಿಯುತ್ತದೆ. 12 ವೋಲ್ಟ್ ಇದ್ದಾಗ 8ಕ್ಕೆ ಕಾಯುತ್ತಿದ್ದ ಐಸಿ 6 ವೋಲ್ಟ್ ಇದ್ದಾಗ 4ಕ್ಕೆ ಕಾಯುತ್ತದೆ. ತುಂಬುವ ವೇಗ ಅರ್ಧವಾಯಿತು, ತುಂಬಬೇಕಾದ ಎತ್ತರವೂ ಅರ್ಧವಾಯಿತು, ಸಮಯ ಮಾತ್ರ ಹಾಗೇ ಉಳಿಯಿತು. ಈ ಯೋಚನೆ ಯಾರ ತಲೆಗೆ ಹೊಳೆದಿರಬಹುದು ಎಂದು ಅಂದು ರಾತ್ರಿಯೆಲ್ಲ ಯೋಚಿಸಿದ್ದೆ.

ಎಷ್ಟೋ ವರ್ಷಗಳ ನಂತರ ಅದನ್ನು ಓದಿ ತಿಳಿದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಎಂಜಿನಿಯರು 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ಈ 555 ಐಸಿಯನ್ನು ರೂಪಿಸಿದರು. ಆಗ ಅವರು ಆ ಕಂಪನಿಯ ನೌಕರರಾಗಿರಲಿಲ್ಲ, ಕೆಲಸ ಬಿಟ್ಟು ಸ್ವತಂತ್ರವಾಗಿ ಒಪ್ಪಂದದ ಮೇಲೆ ಮಾಡುತ್ತಿದ್ದರು. ಮೊದಲ ವಿನ್ಯಾಸದಲ್ಲಿ ಕೆಪ್ಯಾಸಿಟರನ್ನು ಒಂದೇ ಹದದ ಕರೆಂಟಿನಿಂದ ತುಂಬಿಸುವ ಏರ್ಪಾಡಿತ್ತು, ಅದಕ್ಕೆ 9 ಕಾಲು ಬೇಕಿತ್ತು. ಪರಿಶೀಲನೆ ಮುಗಿದು ಎಲ್ಲರೂ ಒಪ್ಪಿದ ಮೇಲೆ, ಅದೆಲ್ಲ ಬೇಡ, ಒಂದು ರೆಸಿಸ್ಟರೇ ಸಾಕು ಎಂಬುದು ಅವರಿಗೆ ಹೊಳೆಯಿತು. 9 ಕಾಲು 8 ಆಯಿತು, ಸಣ್ಣ ಅಗ್ಗದ ಕವಚದಲ್ಲಿ ಕೂತಿತು. ಒಳಗಿನ ಸುಮಾರು 25 ಟ್ರಾನ್ಸಿಸ್ಟರುಗಳ ನಕ್ಷೆಯನ್ನು ಅವರು ಕೆಂಪು ಹಾಳೆಯ ಮೇಲೆ ಚಾಕುವಿನಿಂದ ಕೈಯಾರೆ ಕತ್ತರಿಸಿ ಮಾಡಿದ್ದರು. 1972ರಲ್ಲಿ ಮಾರುಕಟ್ಟೆಗೆ ಬಂದದ್ದು ಇವತ್ತಿಗೂ ತಯಾರಾಗುತ್ತಿದೆ. ಕ್ಯಾಮೆನ್‌ಜಿಂಡ್ 2012ರಲ್ಲಿ ತೀರಿಕೊಂಡರು. ಒಪ್ಪಿಗೆಯಾದ ಕೆಲಸವನ್ನು ಇನ್ನೂ ಸರಳ ಮಾಡಬಹುದೆಂದು ಮತ್ತೆ ಕೈಗೆತ್ತಿಕೊಂಡರಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಬಹಳ ಗೌರವ.

ಇರಲಿ, ಸಾಗರಕ್ಕೆ ಬರೋಣ. ವೋಲ್ಟೇಜ್ ಇಳಿದರೂ ಸಮಯ ಬದಲಾಗದು ಎನ್ನುವ ಗುಣ ನಮ್ಮ ಊರಿಗೆಂದೇ ಮಾಡಿದ ಹಾಗಿತ್ತು. ನಮ್ಮ ಪಕ್ಕದ ಜೋಗದಲ್ಲಿ 1948ರಿಂದ ವಿದ್ಯುತ್ ಉತ್ಪಾದನೆ ನಡೆದಿತ್ತು, ಆಮೇಲೆ ಲಿಂಗನಮಕ್ಕಿ ಅಣೆಕಟ್ಟು, ಶರಾವತಿ ವಿದ್ಯುದಾಗಾರ ಎಲ್ಲ ಆಯಿತು. ಆದರೂ ದೀಪದ ಬುಡ ಕತ್ತಲು ಅನ್ನುತ್ತಾರಲ್ಲ, ಸಂಜೆಯಾದರೆ ಸಾಗರದ ಬಲ್ಬುಗಳು ಕೆಂಪಗಾಗುತ್ತಿದ್ದವು. ಮನೆಮನೆಯ ದೀಪವೂ ತೋಟದ ಪಂಪೂ ಒಟ್ಟಿಗೆ ಶುರುವಾದರೆ 230 ಇರಬೇಕಾದ ವೋಲ್ಟೇಜು 190ಕ್ಕೆ ಬರುವುದು ವಿಶೇಷವೇನಲ್ಲ.

ಡಯಲ್ಲಿಗೆ ವಾಚು ನೋಡಿ ಗೆರೆ ಎಳೆದೆವು. ರಿಲೇಯಿಂದ ಎನ್‌ಲಾರ್ಜರಿನ ಬಲ್ಬಿಗೆ ಹೋಗುವ ಮನೆ ಕರೆಂಟಿನ ತಂತಿಗಳನ್ನು ಮೇಷ್ಟ್ರು ತಾವೇ ಹಾಕಿದರು, ನನ್ನನ್ನು ಮುಟ್ಟಲು ಬಿಡಲಿಲ್ಲ. ಮಾವ ಹಗಲು ಹೊತ್ತು ಒಂದು ಮದುವೆಯ ಗ್ರೂಪ್ ಫೋಟೋ ಇಟ್ಟು ಪ್ರಿಂಟ್ ಹಾಕಿದರು. ಎಲ್ಲ ಪ್ರತಿಗಳೂ ಅಚ್ಚು ಹೊಯ್ದ ಹಾಗೆ ಒಂದೇ ಥರ. ಮಾವ ಅಂಗಡಿಯಿಂದ ಹೊರಗೆ ಬಂದು ಅಕ್ಕಪಕ್ಕದವರಿಗೆಲ್ಲ ತೋರಿಸಿದರು.

ಸಂಜೆ ಏಳರ ಮೇಲೆ ಕರೆ ಬಂತು. “ಅಪ್ಪಿ, ನಿನ್ನ ಟೈಮರು ಕೈಕೊಡ್ತಾ ಇದೆ. ಪ್ರಿಂಟೆಲ್ಲ ಬಿಳಿಚಿಕೊಂಡು ಬರ್ತಾ ಉಂಟು.”

ಮೇಷ್ಟ್ರೂ ನಾನೂ ವಾಚು ಹಿಡಿದು ಹೋದೆವು. ಟೈಮರಿನಲ್ಲಿ ಒಂದು ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಆದರೆ ಪ್ರಿಂಟು ಬಿಳಿಚಿಕೊಂಡದ್ದು ನಿಜ. ಮೇಷ್ಟ್ರು ಎನ್‌ಲಾರ್ಜರಿನ ಕೆಳಗಿನ ಹಲಗೆಯ ಮೇಲೆ ಬಿದ್ದ ಬೆಳಕನ್ನೇ ನೋಡುತ್ತ ನಿಂತರು. ಆಮೇಲೆ ಗೋಡೆಯ ಪ್ಲಗ್ಗಿಗೆ ಮೀಟರ್ ಹಚ್ಚಿದರು. 190.

ಸಮಯ ಸರಿಯಿತ್ತು, ಬೆಳಕು ಸರಿಯಿರಲಿಲ್ಲ. ತಂತಿ ಕಾದು ಉರಿಯುವ ಬಲ್ಬಿನ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. 230ರಿಂದ 190ಕ್ಕೆ ಬಂದರೆ ಬೆಳಕು ಹೆಚ್ಚುಕಡಿಮೆ ಅರ್ಧ. ಅಷ್ಟೇ ಅಲ್ಲ, ತಂತಿ ತಣ್ಣಗಾದಷ್ಟೂ ಬೆಳಕು ಕೆಂಪಾಗುತ್ತದೆ, ಎಲ್ಲಕ್ಕಿಂತ ಮೊದಲು ಕಡಿಮೆಯಾಗುವುದು ನೀಲಿ. ಬ್ರೋಮೈಡ್ ಪೇಪರಿಗೆ ಕಾಣುವುದೇ ನೀಲಿ, ಕೆಂಪು ಕಾಣದ್ದರಿಂದಲೇ ಆ ಕೋಣೆಯಲ್ಲಿ ಕೆಂಪು ಬಲ್ಬು ಉರಿಸಬಹುದು. ಹಾಗಾಗಿ ನಮ್ಮ ಕಣ್ಣಿಗೆ ಅರ್ಧ ಬೆಳಕು ಪೇಪರಿನ ಪಾಲಿಗೆ ಅರ್ಧಕ್ಕಿಂತಲೂ ಕಡಿಮೆ.

ಆಗ ಮೇಷ್ಟ್ರು ಮಾವನ ಕಡೆ ತಿರುಗಿ ಕೇಳಿದರು: “ಮಾರಾಯ್ರೆ, ಇಷ್ಟು ವರ್ಷ ಸಂಜೆ ಹೊತ್ತು ನೀವು ಹೇಗೆ ಮಾಡ್ತಿದ್ರಿ?”

ಮಾವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಹೇಗೆ ಅಂದ್ರೆ? ಬೆಳಕು ನೋಡಿ ಮಗ್ಗಿ ಹೇಳೋದು.”

ಒಂದು ಸಲ ಮಾಡಿ ತೋರಿಸಿ ಎಂದು ಮೇಷ್ಟ್ರು ಕೈಮುಗಿದು ಕೇಳಿದರು. ಟೈಮರ್ ಬದಿಗಿಟ್ಟು ಮಾವ ಸ್ವಿಚ್ಚು ಹಾಕಿದರು. ಎರಡೊಂದ್ಲಿ ಎರಡು. ಹಗಲು ಕೇಳಿದ ಮಗ್ಗಿಯ ವೇಗವೇ ಬೇರೆ, ಈ ವೇಗವೇ ಬೇರೆ. ಹಲಗೆಯ ಮೇಲಿನ ಬೆಳಕು ಮಂಕಾದಷ್ಟೂ ಅವರ ದನಿ ನಿಧಾನವಾಗುತ್ತಿತ್ತು, ಸಾಲು ಮುಗಿದ ಮೇಲೂ ಒಂದೆರಡು ಸಾಲು ಹೆಚ್ಚಿಗೆ ಸೇರುತ್ತಿತ್ತು. ಮೇಷ್ಟ್ರ ವಾಚಿನಲ್ಲಿ ಸೆಕೆಂಡುಗಳು ಹಗಲಿನ ಎರಡು ಪಟ್ಟು ದಾಟಿದವು. ಪ್ರಿಂಟು ಟ್ರೇಯಲ್ಲಿ ಮೂಡಿತು. ಹಗಲಿನ ಪ್ರತಿಯ ಪಕ್ಕ ಇಟ್ಟರೆ ಎರಡಕ್ಕೂ ಭೇದವಿಲ್ಲ.

ಮಾವ ಎಣಿಸುತ್ತಿದ್ದದ್ದು ಸೆಕೆಂಡನ್ನಲ್ಲ, ಪೇಪರಿನ ಮೇಲೆ ಬಿದ್ದ ಬೆಳಕನ್ನು. ಅವರಿಗೆ ಅದು ಗೊತ್ತಿರಲಿಲ್ಲ, ಯಾರೂ ಅವರಿಗೆ ಹೇಳಿಯೂ ಇರಲಿಲ್ಲ. ಮೇಷ್ಟ್ರು ಹೇಳಿದಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಒಳಗಿಂದ ಕಾಫಿ ತರಿಸಿದರು.

ಮುಂದಿನ ಕೆಲಸ ಮೂವರೂ ಸೇರಿ ಮಾಡಿದ್ದು. ಡಾರ್ಕ್‌ರೂಮಿನ ಗೋಡೆಗೆ ಒಂದು ವೋಲ್ಟ್‌ಮೀಟರ್ ಹಾಕಿದೆವು. ಒಂದೊಂದು ವೋಲ್ಟೇಜಿಗೂ ಒಂದೊಂದು ಟೆಸ್ಟ್ ಸ್ಟ್ರಿಪ್ ತೆಗೆದು, ಹಗಲಿನ ಪ್ರಿಂಟಿಗೆ ಸರಿಗಟ್ಟುವ ಸಮಯ ಯಾವುದೆಂದು ಹುಡುಕಿದೆವು. ಯಾವುದು ಸರಿ ಎಂದು ತೀರ್ಮಾನಿಸುವುದು ಮಾವನ ಕಣ್ಣು, ಅಳೆಯುವುದು ಮೇಷ್ಟ್ರು, ಬರೆಯುವುದು ನಾನು. ಕೆಂಪು ಬೆಳಕಿನಲ್ಲಿ ಓದುವಂತೆ ದಪ್ಪಕ್ಷರದಲ್ಲಿ ಒಂದು ಪಟ್ಟಿ ಬರೆದು ಎನ್‌ಲಾರ್ಜರಿನ ಪಕ್ಕ ಅಂಟಿಸಿದೆವು. ಮುಂದೆ ಸ್ಟೆಬಿಲೈಸರ್ ಕೊಳ್ಳುವ ತನಕ ಆ ಪಟ್ಟಿಯೇ ನಡೆಯಿತು. ಗ್ರೂಪ್ ಫೋಟೋಗಳ ರಾಶಿಗೆ ಮಾವ ಟೈಮರ್ ಬಳಸುತ್ತಿದ್ದರು. ಒಬ್ಬರೇ ಕೂತ ಭಾವಚಿತ್ರವಾದರೆ ಮಗ್ಗಿಯನ್ನೇ ಹೇಳುತ್ತಿದ್ದರು. ಕೈ ಅಡ್ಡ ಹಿಡಿದು ಮುಖಕ್ಕೆ ಬೆಳಕು ಕಡಿಮೆ ಮಾಡಿ ಸೀರೆಯ ಅಂಚಿಗೆ ಹೆಚ್ಚು ಕೊಡುವ ಕೆಲಸಕ್ಕೆ ಟೈಮರ್ ಬರುವುದಿಲ್ಲ. ಅದು ಸರಿಯಾದ ವಿಂಗಡಣೆ ಎಂದೇ ನನ್ನ ಅಭಿಪ್ರಾಯ.

ಈಗ ಆ ಸ್ಟುಡಿಯೋದಲ್ಲಿ ಕಂಪ್ಯೂಟರ್ ಇದೆ, ಕತ್ತಲೆ ಕೋಣೆ ಇಲ್ಲ. 555 ಮಾತ್ರ ಇನ್ನೂ ಸಿಗುತ್ತದೆ, ಒಂದು ಕಾಫಿಗಿಂತ ಅಗ್ಗಕ್ಕೆ. ಕಿಟ್ಟುಗಳೂ ಸಿಗುತ್ತವೆ, ಎಸ್‌ಪಿ ರೋಡಿಗೆ ಹೋಗಬೇಕೆಂದೂ ಇಲ್ಲ, ಮನೆಗೇ ಬರುತ್ತವೆ. ಮಕ್ಕಳಿಗೆ ಕೊಡಿಸುವವರಲ್ಲಿ ನನ್ನದೊಂದು ಕೇಳಿಕೆ. ಕಿಟ್ಟಿನ ಜೊತೆಗೆ ಒಂದು ಮೀಟರನ್ನೂ ಕೊಡಿಸಿ. ಮನೆ ಕರೆಂಟಿನ ಹತ್ತಿರ ಬಿಡಬೇಡಿ, ಸೆಲ್ಲುಗಳಲ್ಲೇ ಆಡಲಿ, ಎಲ್‌ಇಡಿ ಸಾಕು. ದೀಪ ಹತ್ತಿ ಆರಿದ ಮೇಲೆ, ಆರಿದ್ದು ಯಾಕೆ ಎಂದು ಕೇಳಿ. ಇಂದಿನ ಡಿಜಿಟಲ್ ಮೀಟರುಗಳು ಸಾಮಾನ್ಯವಾಗಿ ಒಂದು ಕೋಟಿ ಓಮಿನವು, ಹಚ್ಚಿದರೂ ದೀಪ ಆರಿಯೇ ಆರುತ್ತದೆ. ಹಾಗಾಗಿ ಟೈಮರಿನಲ್ಲಿ ಎರಡೂವರೆ ಲಕ್ಷ ಓಮಿನ ರೆಸಿಸ್ಟರ್ ಇದ್ದರೆ ಕೆಪ್ಯಾಸಿಟರಿಗೆ ಅಡ್ಡಲಾಗಿ ಅದಕ್ಕಿಂತ ಸಣ್ಣದೊಂದನ್ನು ನೀವೇ ಹಚ್ಚಿ ಕೊಡಿ. ದೀಪ ಆರುವುದಿಲ್ಲ. ಉತ್ತರ ಮಾತ್ರ ನೀವು ಹೇಳಬೇಡಿ, ಅವರೇ ಹುಡುಕಲಿ.